ಪೇಟೆಂಟ್ ಕಾಗದ ತೋರಿಸಿದರೆ ಅದು ಮದ್ದಾಗುತ್ತದಾ?

ಪ್ರಶ್ನೆ: ಸರ್, ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ. ಮಗಳಿಗೆ 9 ವರ್ಷ, ಸೆರೆಬ್ರಲ್ ಪಾಲ್ಸಿ, ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗುವುದಿಲ್ಲ. ಕೂರಿಸಿದರೆ ಕೂರುತ್ತಾಳೆ, ನಡೆಯುವುದಿಲ್ಲ. ಮಾತು ಎರಡು ಮೂರು ಶಬ್ದ ಅಷ್ಟೆ. ಹೋದ ತಿಂಗಳು ಇಲ್ಲಿ ಒಂದು ಹಾಲ್‌ನಲ್ಲಿ ಕ್ಯಾಂಪ್ ಇತ್ತು. ದೊಡ್ಡ ಊರಿನ ಕ್ಲಿನಿಕ್‌ನವರು ಬಂದಿದ್ದರು. ಮಗಳ ಸೊಂಟದ ಎಲುಬಿನಿಂದ ಮಜ್ಜೆ ತೆಗೆದು, ಸ್ಟೆಮ್ ಸೆಲ್ (ಬೇರೆ ಬೇರೆ ಸೆಲ್ ಆಗಿ ಬದಲಾಗಬಲ್ಲ ಮೂಲ ಸೆಲ್) ಬೇರೆ ಮಾಡಿ, ಬೆನ್ನಿಗೆ ಇಂಜೆಕ್ಷನ್ ಕೊಡುತ್ತಾರಂತೆ. ಮೂರು ಸಲ, ಒಟ್ಟು 4.5 ಲಕ್ಷ. "ಇದು ಪೇಟೆಂಟ್ ಆದ ಚಿಕಿತ್ಸೆ, ಸರ್ಕಾರವೇ ಸರ್ಟಿಫಿಕೇಟ್ ಕೊಟ್ಟಿದೆ" ಅಂತ ಲ್ಯಾಮಿನೇಟ್ ಮಾಡಿದ ಕಾಗದ ತೋರಿಸಿದರು. ಫೋಟೋ ಕಳಿಸಿದ್ದೇನೆ. ನಮ್ಮವರು 20,000 ಅಡ್ವಾನ್ಸ್ ಕೊಟ್ಟಾಗಿದೆ. ಬಾಕಿಗೆ ಬಂಗಾರ ಅಡವಿಡಬೇಕು. ಭಾವ ಬೇರೆಯೇ ಹೇಳುತ್ತಾರೆ. ಪೇಟೆಂಟ್ ಇದ್ದವರಿಗೆ ಮಗುವಿನ ಸೆಲ್ ಮೇಲೆ ಹಕ್ಕು ಬರುತ್ತದೆ, ಆಮೇಲೆ ಮಾರಿ ದುಡ್ಡು ಮಾಡುತ್ತಾರೆ ಅಂತ. ಅಮೆರಿಕದವರು ಮನುಷ್ಯರ ಸ್ಟೆಮ್ ಸೆಲ್‌ಗೆಲ್ಲ ಪೇಟೆಂಟ್ ತೆಗೆದಿದ್ದಾರೆ ಅಂತ ವಾಟ್ಸಾಪ್‌ನಲ್ಲೂ ಬಂತು. ಕ್ಲಿನಿಕ್‌ನವರ ಫಾರ್ಮ್ ಇಂಗ್ಲಿಷ್ ಮತ್ತು ಮಲಯಾಳದಲ್ಲಿದೆ, ಅದರ ಫೋಟೋವೂ ಕಳಿಸಿದ್ದೇನೆ. ನನಗೆ ಸರಿಯಾಗಿ ಓದಲು ಬರುವುದು ಕನ್ನಡ. ಏನು ಮಾಡಲಿ?

ಉತ್ತರ: ನಾನು ಡಾಕ್ಟ್ರಲ್ಲ, ಮೊದಲೇ ಹೇಳಿಬಿಡುತ್ತೇನೆ. ಬಯೋಟೆಕ್ನಾಲಜಿ ಓದಿ, ಪರೀಕ್ಷೆ ಬರೆದು ಪೇಟೆಂಟ್ ಏಜೆಂಟ್ ಆದವನು. ಲ್ಯಾಬಿನವರು ಕಂಡುಹಿಡಿದದ್ದನ್ನು ಅರ್ಜಿಯ ಭಾಷೆಗೆ ತರುವುದು, ಪೇಟೆಂಟ್ ಆಫೀಸಿನ ತಕರಾರಿಗೆ ಉತ್ತರ ಬರೆಯುವುದು, ಇದೇ ಇಪ್ಪತ್ತು ವರ್ಷದ ಕೆಲಸ. ಹುಟ್ಟಿದ್ದು ಕುಂಬಳೆಯ ಹತ್ತಿರ. ಹಾಗಾಗಿ ನೀವು ಹೇಳಿದ ಹಾಲ್, ಪ್ಲಾಸ್ಟಿಕ್ ಕುರ್ಚಿ, ಮೈಕಿನಲ್ಲಿ ಹೆಸರು ಕರೆಯುವುದು, ಎಲ್ಲ ಕಣ್ಣಿಗೆ ಕಟ್ಟಿತು. ಕಾಯಿಲೆಯ ಮಕ್ಕಳಿರುವ ಮನೆ ನಮ್ಮ ಜಿಲ್ಲೆಯಲ್ಲಿ ಎಷ್ಟಿವೆ ಅಂತ ಕ್ಯಾಂಪ್ ಮಾಡುವವರಿಗೂ ಗೊತ್ತು.

ಮಗಳಿಗೆ ಯಾವ ಚಿಕಿತ್ಸೆ ಅಂತ ನಾನು ಹೇಳುವ ಹಾಗಿಲ್ಲ. ಆ ಕಾಗದ ಏನು, ಏನಲ್ಲ ಅಂತ ಹೇಳಬಲ್ಲೆ.

ಫೋಟೋದಲ್ಲಿ ಇರುವುದು ಪೇಟೆಂಟ್ ಪತ್ರವೇ ಅಲ್ಲ. ಅರ್ಜಿ ಪ್ರಕಟವಾದಾಗ ಪೇಟೆಂಟ್ ಆಫೀಸಿನ ಜರ್ನಲ್‌ನಲ್ಲಿ ಬರುವ ಪುಟ. ನಮ್ಮ ದೇಶದಲ್ಲಿ ಅರ್ಜಿ ಹಾಕಿ 18 ತಿಂಗಳಾದರೆ ಅದು ಸಾಮಾನ್ಯವಾಗಿ ತಾನಾಗಿ ಪ್ರಕಟವಾಗುತ್ತದೆ. ಒಳಗೆ ಹುರುಳಿದೆಯಾ ಇಲ್ಲವಾ ಅಂತ ಆ ಹೊತ್ತಿಗೆ ಯಾರೂ ನೋಡಿರಲೇಬೇಕು ಅಂತಿಲ್ಲ. ಶಾಲೆಗೆ ಅಡ್ಮಿಶನ್ ಫಾರ್ಮ್ ತುಂಬಿದ್ದನ್ನೇ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟ್ ಅಂತ ತೋರಿಸಿದ ಹಾಗೆ. ಮೇಲೆ ಅಶೋಕ ಸ್ತಂಭ ಅಂಟಿಸಿದ್ದು ಅವರೇ ಇರಬೇಕು. ಜರ್ನಲ್‌ನ ಪುಟದಲ್ಲಿ ಅದು ಹಾಗಿರುವುದಿಲ್ಲ.

ಅರ್ಜಿಯ ನಂಬರ್ ಸ್ಪಷ್ಟವಾಗಿ ಕಾಣುತ್ತಿತ್ತು. ಪೇಟೆಂಟ್ ಆಫೀಸಿನ ಇನ್‌ಪಾಸ್ ಅನ್ನುವ ಹುಡುಕಾಟದ ಪುಟದಲ್ಲಿ ಹಾಕಿ ನೋಡಿದೆ. ಯಾರು ಬೇಕಾದರೂ ನೋಡಬಹುದು, ದುಡ್ಡಿಲ್ಲ. ಅರ್ಜಿ ಇರುವುದು ಸೆರೆಬ್ರಲ್ ಪಾಲ್ಸಿಗೆ ಅಲ್ಲವೇ ಅಲ್ಲ. ಮಜ್ಜೆಯನ್ನು ಯಂತ್ರದಲ್ಲಿ ಗಿರಗಿರ ತಿರುಗಿಸಿ ಸೆಲ್ ಬೇರೆ ಮಾಡುವಾಗ ಬಳಸುವ ಒಂದು ಟ್ಯೂಬಿಗೆ. ಟ್ಯೂಬಿನ ಕುತ್ತಿಗೆ ಸಪೂರ ಮಾಡಿದ್ದೇವೆ, ಅದು ಹೊಸತು ಅಂತ ಅವರ ವಾದ. ಪರಿಶೀಲಕರು ತಕರಾರು ಹಾಕಿ ಕಳಿಸಿದ ಪತ್ರವೂ ಅಲ್ಲೇ ಇದೆ. ಇಂಥ ಟ್ಯೂಬ್ ಮೊದಲೇ ಇದೆ ಅಂತ ಅವರು ಬರೆದಿದ್ದಾರೆ. ಅದಕ್ಕೆ ಉತ್ತರ ಕೊಟ್ಟ ಹಾಗೆ ಕಾಣುವುದಿಲ್ಲ.

ಇರಲಿ, ಪೇಟೆಂಟ್ ನಿಜವಾಗಿ ಸಿಕ್ಕಿದೆ ಅಂತಲೇ ಇಟ್ಟುಕೊಳ್ಳಿ. ಆಗಲೂ ನಿಮ್ಮ ಪ್ರಶ್ನೆಗೆ ಉತ್ತರ ಬದಲಾಗುವುದಿಲ್ಲ. ಯಾಕೆ ಅಂತ ದೋಟಿಯ (ಅಡಿಕೆ ಮರಕ್ಕೆ ಎಟುಕುವ ಉದ್ದ ಕೋಲಿನ) ಲೆಕ್ಕದಲ್ಲಿ ಹೇಳುತ್ತೇನೆ.

ಈಗ ಅಡಿಕೆ ತೋಟಕ್ಕೆಲ್ಲ ಕಾರ್ಬನ್ ಫೈಬರ್ ದೋಟಿ ಬಂದಿದೆ ಅಲ್ವಾ. ನೆಲದಲ್ಲೇ ನಿಂತು ಮದ್ದು ಬಿಡಬಹುದು. ಯಾರೋ ಒಬ್ಬರು ದೋಟಿಯ ಜಾಯಿಂಟ್ ಜಾರದ ಹಾಗೆ ಒಂದು ಹೊಸ ಲಾಕ್ ಮಾಡಿದರು ಅನ್ನಿ. ಪೇಟೆಂಟ್ ಆಫೀಸು ಮೂರು ಸಂಗತಿ ನೋಡುತ್ತದೆ. ಇದು ಹೊಸತಾ? ಆ ಕಸುಬಿನವರಿಗೆ ಸುಲಭಕ್ಕೆ ಹೊಳೆಯದಂಥದ್ದಾ? ಮಾಡಿ ಬಳಸಲು ಆಗುತ್ತದಾ? ಮೂರೂ ಹೌದಾದರೆ ಪೇಟೆಂಟ್. ನಿಮ್ಮ ತೋಟದ ಕೊಳೆರೋಗ ನಿಲ್ಲುತ್ತದಾ ಅಂತ ಆಫೀಸು ಕೇಳುವುದಿಲ್ಲ. ಅದು ಮೈಲುತುತ್ತು, ಸುಣ್ಣ, ಮಳೆಯ ಹದಕ್ಕೆ ಬಿಟ್ಟದ್ದು. ಸಿಗುವ ಹಕ್ಕು ಕೂಡ ಒಂದೇ: ಅರ್ಜಿ ಹಾಕಿದ ದಿನದಿಂದ 20 ವರ್ಷ ಬೇರೆಯವರು ಆ ಲಾಕ್ ಮಾಡಿ ಮಾರದ ಹಾಗೆ ತಡೆಯುವುದು. ತಡೆಯುವ ಹಕ್ಕು ಅದು. "ಇದನ್ನು ಜನರ ಮೇಲೆ ಬಳಸಿ" ಅಂತ ಕೊಟ್ಟ ಪರ್ಮಿಶನ್ ಅಲ್ಲ.

ಎರಡು ಆಫೀಸುಗಳೂ ಬೇರೆ ಬೇರೆ. ಪೇಟೆಂಟ್ ಬರುವುದು ವಾಣಿಜ್ಯ ಸಚಿವಾಲಯದ ಕೆಳಗೆ. ನಮ್ಮ ಕಡೆಯ ಅರ್ಜಿಗಳು ಹೋಗುವುದು ಚೆನ್ನೈಗೆ. ಮದ್ದಿಗೆ ಒಪ್ಪಿಗೆ ಕೊಡುವುದು ಆರೋಗ್ಯ ಸಚಿವಾಲಯದ ಕೆಳಗಿನ ಔಷಧ ನಿಯಂತ್ರಕರು, ದೆಹಲಿಯಲ್ಲಿ. ನೀವು ಕ್ಲಿನಿಕ್‌ನವರಲ್ಲಿ ಕೇಳಬೇಕಾದ ಕಾಗದ ಎರಡನೆಯದು.

ಇನ್ನೊಂದು ವಿಷಯ ಕ್ಯಾಂಪಿನವರಿಗೆ ಗೊತ್ತಿಲ್ಲವೋ, ಗೊತ್ತಿದ್ದೂ ಸುಮ್ನೆ ಇದ್ದರೋ. ಭಾರತದಲ್ಲಿ ಚಿಕಿತ್ಸೆಯ ವಿಧಾನಕ್ಕೆ ಪೇಟೆಂಟ್ ಕೊಡುವುದೇ ಇಲ್ಲ. 1970ರ ಪೇಟೆಂಟ್ ಕಾಯ್ದೆಯ 3ನೇ ಸೆಕ್ಷನ್‌ನಲ್ಲಿ ಯಾವುದಕ್ಕೆಲ್ಲ ಪೇಟೆಂಟ್ ಇಲ್ಲ ಅಂತ ಪಟ್ಟಿ ಇದೆ. ಅದರಲ್ಲಿ (ಐ) ಅನ್ನುವ ಸಾಲು ಮನುಷ್ಯರಿಗಾಗಲಿ ಪ್ರಾಣಿಗಳಿಗಾಗಲಿ ಮದ್ದು ಮಾಡುವ, ಆಪರೇಶನ್ ಮಾಡುವ, ಕಾಯಿಲೆ ಪತ್ತೆ ಮಾಡುವ ವಿಧಾನಗಳನ್ನು ಹೊರಗಿಡುತ್ತದೆ. ಒಬ್ಬ ಡಾಕ್ಟ್ರು ರೋಗಿಯ ಮುಂದೆ ನಿಂತಾಗ "ಈ ವಿಧಾನ ಇಂಥವರದ್ದು, ಲೈಸೆನ್ಸ್ ಇಲ್ಲದೆ ಮಾಡಬೇಡಿ" ಅಂತ ಯಾರೂ ಅಡ್ಡ ಬರಬಾರದು ಅನ್ನುವುದು ಅದರ ಹಿಂದಿನ ಯೋಚನೆ. ಹಾಗಾಗಿ "ಪೇಟೆಂಟ್ ಆದ ಚಿಕಿತ್ಸೆ, ಭಾರತ ಸರ್ಕಾರದ್ದು" ಅನ್ನುವ ಮಾತು ಅಲ್ಲೇ ಬಿದ್ದುಹೋಯಿತು. ಪೇಟೆಂಟ್ ಸಿಗುವುದಾದರೆ ಟ್ಯೂಬಿಗೆ, ಯಂತ್ರಕ್ಕೆ, ಸೆಲ್ ಬೆಳೆಸುವ ದ್ರವಕ್ಕೆ, ಲ್ಯಾಬಿನಲ್ಲಿ ಬೆಳೆಸುವ ಕ್ರಮಕ್ಕೆ.

ಈಗ ವಾಟ್ಸಾಪ್‌ಗೆ ಬರುತ್ತೇನೆ. ಅದರಲ್ಲಿ ಅರ್ಧ ಸತ್ಯ ಇದೆ, ಅದಕ್ಕೇ ಸ್ವಲ್ಪ ಉದ್ದ ಹೇಳಬೇಕು.

1998ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೇಮ್ಸ್ ಥಾಮ್ಸನ್ ಮೊದಲ ಸಲ ಮನುಷ್ಯ ಭ್ರೂಣದಿಂದ ಸ್ಟೆಮ್ ಸೆಲ್ ತೆಗೆದು ಲ್ಯಾಬಿನಲ್ಲಿ ಬದುಕಿಸಿದರು. ಇದರಲ್ಲಿ ಕಷ್ಟ ಏನೆಂದರೆ ಈ ಸೆಲ್‌ಗಳು ಸುಮ್ಮನಿರುವುದಿಲ್ಲ. ಹೊರಗೆ ತೆಗೆದ ಕೂಡಲೇ ಚರ್ಮವೋ ನರವೋ ಆಗಿ ಬದಲಾಗಲು ಹೊರಡುತ್ತವೆ, ಇಲ್ಲದಿದ್ದರೆ ಸಾಯುತ್ತವೆ. ಬದಲಾಗದೆ, ಸಾಯದೆ, ಹಾಗೇ ಎರಡು ನಾಲ್ಕಾಗಿ ಹೆಚ್ಚುತ್ತ ಇರಬೇಕು. ಅಡಿಯಲ್ಲಿ ಇಲಿ ಭ್ರೂಣದ ಸೆಲ್‌ಗಳ ಒಂದು ಹಾಸು ಹಾಕಿ ಅವರು ಅದನ್ನು ಸಾಧಿಸಿದರು. ಆ ವಿಶ್ವವಿದ್ಯಾಲಯದ ಪರವಾಗಿ ಪೇಟೆಂಟ್ ನೋಡಿಕೊಳ್ಳುವ ಸಂಸ್ಥೆಯನ್ನು ವಾರ್ಫ್ ಅಂತ ಕರೆಯುತ್ತಾರೆ. ಅದು ಬೆಳೆಸುವ ವಿಧಾನದ ಜೊತೆಗೆ ಸೆಲ್‌ಗೂ ಪೇಟೆಂಟ್ ತೆಗೆದುಕೊಂಡಿತು. ಗಲಾಟೆ ಶುರುವಾದದ್ದು ಅಲ್ಲಿಂದ. ವಿಧಾನಕ್ಕೆ ಮಾತ್ರ ಪೇಟೆಂಟ್ ಇದ್ದರೆ ಬೇರೆಯವರು ಬೇರೆ ದಾರಿ ಹುಡುಕಬಹುದು. ಸೆಲ್‌ಗೇ ಪೇಟೆಂಟ್ ಇದ್ದರೆ ಯಾವ ದಾರಿಯಲ್ಲಿ ಹೋದರೂ ಕೊನೆಗೆ ಅವರ ಗೇಟಿನ ಮುಂದೆಯೇ ನಿಲ್ಲಬೇಕು. 2006ರಲ್ಲಿ ಅಲ್ಲಿನ ಗ್ರಾಹಕರ ಪರವಾದ ಒಂದು ಸಂಘಟನೆ ಇದನ್ನು ಪ್ರಶ್ನಿಸಿತು. ಜಗ್ಗಾಟ ವರ್ಷಗಟ್ಟಲೆ ನಡೆಯಿತು. 2014ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟು, ನಿಮಗೆ ಇದರಿಂದ ನೇರ ನಷ್ಟ ಏನೂ ಇಲ್ಲ, ಹಾಗಾಗಿ ನೀವು ಕೋರ್ಟಿಗೆ ಬರುವ ಹಾಗಿಲ್ಲ ಅಂತ ಕಳಿಸಿಬಿಟ್ಟಿತು. ಅಷ್ಟರಲ್ಲಿ ಪೇಟೆಂಟಿನ ಅವಧಿಯೇ ಮುಗಿಯುತ್ತ ಬಂದಿತ್ತು. 2015ಕ್ಕೆ ಮುಖ್ಯವಾದವು ಮುಗಿದವು.

ಹಾಗಾದರೆ ನಿಮ್ಮ ಶರೀರದ ಒಳಗಿನ ಸೆಲ್ ಯಾರದ್ದೋ ಸೊತ್ತಾಗಿತ್ತಾ? ಇಲ್ಲ. ಆ ಪೇಟೆಂಟ್ ಇದ್ದದ್ದು ಹೊರಗೆ ತೆಗೆದು, ಬೇರೆ ಮಾಡಿ, ಲ್ಯಾಬಿನಲ್ಲಿ ಬೆಳೆಸಿದ ಸೆಲ್‌ಗೆ. ಅದೂ ಅಮೆರಿಕದಲ್ಲಿ. ಪೇಟೆಂಟ್ ಅನ್ನುವುದು ಆಯಾ ದೇಶದ್ದು. "ವರ್ಲ್ಡ್ ಪೇಟೆಂಟ್" ಅಂತ ಒಂದು ಇಲ್ಲ. ಯಾರಾದರೂ ಡಬ್ಲ್ಯುಒ ಅಂತ ಶುರುವಾಗುವ ನಂಬರ್ ತೋರಿಸಿದರೆ ಅದು ಹಲವು ದೇಶಗಳಿಗೆ ದಾರಿ ಮಾಡಿಕೊಳ್ಳಲು ಹಾಕಿದ ಅರ್ಜಿ, ಅಷ್ಟೆ.

ಯುರೋಪ್ ಇನ್ನೊಂದು ದಿಕ್ಕಿಗೆ ಹೋಯಿತು. ಜರ್ಮನಿಯ ಒಬ್ಬ ವಿಜ್ಞಾನಿ ಭ್ರೂಣದ ಸ್ಟೆಮ್ ಸೆಲ್‌ನಿಂದ ನರದ ಸೆಲ್ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದರು. ಗ್ರೀನ್‌ಪೀಸ್ ಅನ್ನುವ ಪರಿಸರ ಸಂಘಟನೆ ಅದನ್ನು ಪ್ರಶ್ನಿಸಿತು. ಮಾನವ ಭ್ರೂಣ ನಾಶವಾಗಬೇಕಾದ ಕೆಲಸಕ್ಕೆ ಪೇಟೆಂಟ್ ಇಲ್ಲ ಅಂತ 2011ರ ಅಕ್ಟೋಬರ್‌ನಲ್ಲಿ ಯುರೋಪಿನ ನ್ಯಾಯಾಲಯ ಹೇಳಿತು. ಇದರಿಂದ ಅಲ್ಲಿ ಸಂಶೋಧನೆ ನಿಷೇಧ ಆಗಲಿಲ್ಲ ಅನ್ನುವುದನ್ನು ಗಮನಿಸಿ. ಪೇಟೆಂಟ್ ಇಲ್ಲದ ಮಾತ್ರಕ್ಕೆ ಕೆಲಸ ನಿಲ್ಲುವುದಿಲ್ಲ, ಪೇಟೆಂಟ್ ಇದ್ದ ಮಾತ್ರಕ್ಕೆ ಕೆಲಸ ಮಾಡಲು ಒಪ್ಪಿಗೆಯೂ ಸಿಗುವುದಿಲ್ಲ.

ಭ್ರೂಣದ ಜಗಳಕ್ಕೆ ಸುತ್ತುದಾರಿ ತೋರಿಸಿದವರು ಜಪಾನಿನ ಶಿನ್ಯಾ ಯಮನಾಕಾ. 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯರ ಚರ್ಮದ ಸೆಲ್‌ಗೆ ನಾಲ್ಕು ಜೀನ್ ಸೇರಿಸಿ ಅದನ್ನು ಹಿಂದಕ್ಕೆ, ಸ್ಟೆಮ್ ಸೆಲ್‌ನಂಥ ಸ್ಥಿತಿಗೆ ತಂದರು. 2012ರಲ್ಲಿ ನೊಬೆಲ್ ಬಂತು. ಅದರ ಪೇಟೆಂಟ್ ಕ್ಯೋಟೊ ವಿಶ್ವವಿದ್ಯಾಲಯದ ಹೆಸರಲ್ಲಿದೆ.

ನಮ್ಮ ಕಾನೂನು ಈ ವಿಷಯದಲ್ಲಿ ಸ್ವಲ್ಪ ಬಿಗಿ. ನನಗಂತೂ ಅದು ಸರಿ ಅನಿಸುತ್ತದೆ, ಕಕ್ಷಿಗಾರರ ಎದುರು ಹಾಗೆ ಹೇಳುವುದಿಲ್ಲ ಅಷ್ಟೆ. ಪ್ರಕೃತಿಯಲ್ಲಿ ಇರುವ ಜೀವಿಯನ್ನೋ ವಸ್ತುವನ್ನೋ ಕಂಡುಹಿಡಿದರೆ ಪೇಟೆಂಟ್ ಇಲ್ಲ. ನಿಮ್ಮ ಗುಡ್ಡೆಯಲ್ಲಿ ಭಾರಿ ರುಚಿಯ ಕಾಟುಮಾವಿನ ಮರ ಸಿಕ್ಕಿತು ಅಂದರೆ ಅದು ನಿಮ್ಮ ಆವಿಷ್ಕಾರ ಆಗುವುದಿಲ್ಲ ಅಲ್ವಾ, ಹಾಗೆ. ಗಿಡ, ಪ್ರಾಣಿ, ಅವುಗಳ ಭಾಗಗಳಿಗೂ ಇಲ್ಲ. ಸೂಕ್ಷ್ಮಜೀವಿಗಳಿಗೆ ಮಾತ್ರ ರಿಯಾಯಿತಿ. ಸಾರ್ವಜನಿಕ ನೀತಿಗೆ ವಿರುದ್ಧವಾದದ್ದಕ್ಕೂ ಇಲ್ಲ. ಸ್ಟೆಮ್ ಸೆಲ್‌ಗೇ ಪೇಟೆಂಟ್ ಕೇಳಿ ಅರ್ಜಿ ಹಾಕಿದರೆ ಈ ಮೂರರಲ್ಲಿ ಒಂದಾದರೂ ತಕರಾರು ಬಂದೇ ಬರುತ್ತದೆ, ನಾನೇ ಎಷ್ಟೋ ಸಲ ಉತ್ತರ ಬರೆದಿದ್ದೇನೆ. ಮಾಡುವ ವಿಧಾನದ ಮಾತು ಬೇರೆ. 2002ರಲ್ಲಿ ಕೋಳಿಗಳ ಒಂದು ರೋಗದ ಲಸಿಕೆಯ ಕೇಸಿನಲ್ಲಿ ಕಲ್ಕತ್ತಾ ಹೈಕೋರ್ಟ್ ಒಂದು ಮಾತು ಹೇಳಿತು: ಕೊನೆಗೆ ಸಿಗುವುದು ಜೀವ ಇರುವ ವಸ್ತು ಅನ್ನುವ ಒಂದೇ ಕಾರಣಕ್ಕೆ ಅದನ್ನು ಮಾಡುವ ವಿಧಾನಕ್ಕೆ ಪೇಟೆಂಟ್ ನಿರಾಕರಿಸುವ ಹಾಗಿಲ್ಲ. ನಮ್ಮಲ್ಲಿ ಸೆಲ್‌ನ ಪೇಟೆಂಟುಗಳೆಲ್ಲ ಹೆಚ್ಚಾಗಿ ಆ ಬಾಗಿಲಿನಿಂದಲೇ ಒಳಗೆ ಬರುತ್ತವೆ.

ಪೇಟೆಂಟ್ ಸಿಕ್ಕಿದರೂ ಅದು ಗಟ್ಟಿ ಅಂತ ಅಲ್ಲ. ಮಂಗಳೂರಿನ ಹೆರಿಗೆ ಆಸ್ಪತ್ರೆಗಳಿಗೆ ಹೋದವರಿಗೆ ಹೊಕ್ಕುಳಬಳ್ಳಿಯ ರಕ್ತ ಶೇಖರಿಸುವ ಕಂಪನಿಗಳ ಏಜೆಂಟರು ಗೊತ್ತಿರಬಹುದು. ಆ ರಕ್ತವನ್ನು ಶೀತದಲ್ಲಿ ಕಾಪಾಡಿ ಚಿಕಿತ್ಸೆಗೆ ಬಳಸುವುದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಇತ್ತು. ಫಾರ್ಮಾಸ್ಟೆಮ್ ಅನ್ನುವ ಕಂಪನಿ ಅದನ್ನು ಹಿಡಿದು ಉಳಿದ ಬ್ಯಾಂಕುಗಳ ಮೇಲೆ ಕೇಸು ಹಾಕಿ ಮೊದಲು ಗೆದ್ದೂ ಗೆದ್ದಿತು. 2007ರಲ್ಲಿ ಮೇಲಿನ ಕೋರ್ಟು, ಇದು ಆಗಲೇ ತಿಳಿದಿದ್ದ ಸಂಗತಿಗಳಿಂದ ಹೊಳೆಯುವಂಥದ್ದೇ ಅಂತ ಹೇಳಿ ಪೇಟೆಂಟನ್ನೇ ತೆಗೆದುಹಾಕಿತು.

ಇನ್ನು ನಿಮ್ಮ ಭಾವನವರ ಮಾತು. ಅವರನ್ನು ಸುಮ್ನೆ ತಳ್ಳಿಹಾಕಬೇಡಿ. ಅವರು ಹೇಳಿದ ಹಾಗೇ ಒಂದು ಸಲ ನಡೆದಿದೆ. ಜಾನ್ ಮೂರ್ ಅನ್ನುವ ಅಮೆರಿಕದವರಿಗೆ 1976ರಲ್ಲಿ ರಕ್ತದ ಕ್ಯಾನ್ಸರ್ ಅಂತ ಲಾಸ್ ಏಂಜಲೀಸ್‌ನಲ್ಲಿ ಗುಲ್ಮ ತೆಗೆದರು. ಆಮೇಲೆ ವರ್ಷಗಟ್ಟಲೆ ಸಿಯಾಟಲ್‌ನಿಂದ ಕರೆಸಿ ರಕ್ತ, ಮಜ್ಜೆ ಎಲ್ಲ ತೆಗೆಯುತ್ತಿದ್ದರು. ಚೆಕಪ್ ಅಂತ ಅವರು ತಿಳಿದಿದ್ದರು. ಅಲ್ಲಿ ನೋಡಿದರೆ ಅವರ ಸೆಲ್‌ನಿಂದ ಒಂದು ಸೆಲ್ ತಳಿ ಬೆಳೆಸಿ, 1984ರಲ್ಲಿ ಪೇಟೆಂಟ್ ಕೂಡ ಸಿಕ್ಕಿತ್ತು. ಅವರು ಕೋರ್ಟಿಗೆ ಹೋದರು. 1990ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ಶರೀರದಿಂದ ತೆಗೆದ ಮೇಲೆ ಆ ಸೆಲ್ ನಿನ್ನ ಸೊತ್ತು ಅಂತ ದಾವೆ ಹೂಡಲು ಆಗುವುದಿಲ್ಲ. ಆದರೆ ಡಾಕ್ಟ್ರು ತನಗೆ ಅದರಲ್ಲಿ ದುಡ್ಡಿನ ಆಸಕ್ತಿ ಇದೆ ಅಂತ ಮೊದಲೇ ಹೇಳಬೇಕಿತ್ತು.

ನಿಮ್ಮ ಮಗಳ ವಿಷಯದಲ್ಲಿ ಟ್ಯೂಬಿನ ಪೇಟೆಂಟಿನಿಂದ ಸೆಲ್ ಮೇಲೆ ಹಕ್ಕು ಬರುವುದಿಲ್ಲ. ದೋಟಿ ಮಾಡಿದವರಿಗೆ ಅಡಿಕೆ ಸಿಗುವುದಿಲ್ಲವಲ್ಲ. ಅಪಾಯ ಇರುವುದು ಪೇಟೆಂಟಿನಲ್ಲಿ ಅಲ್ಲ, ನೀವು ಸಹಿ ಹಾಕುವ ಫಾರ್ಮಿನಲ್ಲಿ. ಎರಡನೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆ: ಉಳಿದ ಮಜ್ಜೆ, ಸೆಲ್ ಎಲ್ಲವನ್ನೂ "ಸಂಶೋಧನೆ ಮತ್ತು ಇತರ ಉದ್ದೇಶಗಳಿಗೆ" ಇಟ್ಟುಕೊಳ್ಳಬಹುದು ಅಂತ. ಆ "ಇತರ" ಅನ್ನುವ ಪದಕ್ಕೆ ನಾನು ಸಹಿ ಹಾಕುವುದಿಲ್ಲ. ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು. ಕನ್ನಡದಲ್ಲಿ ಕೇಳಿ. ಕಾಸರಗೋಡಿನಲ್ಲಿ ಕನ್ನಡದ ಫಾರ್ಮ್ ಕೇಳಿ ಕೇಳಿ ನಮಗೆಲ್ಲ ಸಾಕಾಗಿದೆ, ನಿಜ. ಆದರೆ ರೇಶನ್ ಕಾರ್ಡಿನ ಫಾರ್ಮ್ ತಪ್ಪಿದರೆ ತಿದ್ದಬಹುದು. ಇದನ್ನು ತಿದ್ದಲು ಆಗುವುದಿಲ್ಲ.

ಚಿಕಿತ್ಸೆಯ ವಿಷಯದಲ್ಲಿ ನಾನು ಹೇಳಬಹುದಾದದ್ದು ನಿಯಮದಲ್ಲಿ ಬರೆದಿರುವುದನ್ನು ಮಾತ್ರ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಸ್ಟೆಮ್ ಸೆಲ್ ಬಗ್ಗೆ ಮಾರ್ಗಸೂಚಿ ತಂದವು. ಅದರ ಪ್ರಕಾರ ಮಾಮೂಲು ಚಿಕಿತ್ಸೆ ಅಂತ ಒಪ್ಪಿದ್ದು ರಕ್ತಕ್ಕೆ ಸಂಬಂಧಪಟ್ಟ ಕೆಲವು ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿಯಂಥದ್ದನ್ನು. ಉಳಿದದ್ದೆಲ್ಲ ಪ್ರಯೋಗದ ಹಂತದ್ದು, ಕ್ಲಿನಿಕಲ್ ಟ್ರಯಲ್‌ನ, ಅಂದರೆ ಒಪ್ಪಿಗೆ ಪಡೆದು ರೋಗಿಗಳ ಮೇಲೆ ನಡೆಸುವ ಪರೀಕ್ಷೆಯ, ಒಳಗೇ ಆಗಬೇಕು. ಸೆರೆಬ್ರಲ್ ಪಾಲ್ಸಿ ಈ "ಉಳಿದದ್ದ"ರಲ್ಲಿ ಬರುತ್ತದೆ. "ಮಗುವಿನದ್ದೇ ಸೆಲ್, ಔಷಧ ಅಲ್ಲ, ಹಾಗಾಗಿ ಒಪ್ಪಿಗೆ ಬೇಡ" ಅಂತ ಕ್ಲಿನಿಕ್‌ನವರು ಹೇಳಬಹುದು. ಮಾರ್ಗಸೂಚಿ ಅದಕ್ಕೆ ರಿಯಾಯಿತಿ ಕೊಟ್ಟಿಲ್ಲ. ಔಷಧ ನಿಯಂತ್ರಕರು ಬೇರೆಯಾಗಿ ಒಪ್ಪಿದ ಸ್ಟೆಮ್ ಸೆಲ್ ಉತ್ಪನ್ನಗಳು ಬೆರಳೆಣಿಕೆಯಷ್ಟು. ಬೆಂಗಳೂರಿನ ಸ್ಟೆಂಪ್ಯುಟಿಕ್ಸ್ ಕಂಪನಿಯ ಸ್ಟೆಂಪ್ಯುಸೆಲ್‌ಗೆ 2016ರಲ್ಲಿ ಬರ್ಜರ್ ಅನ್ನುವ, ಕಾಲಿನ ರಕ್ತನಾಳ ಕಟ್ಟುವ ಕಾಯಿಲೆಗೆ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು. ಅವರಿಗೆ ಪೇಟೆಂಟೂ ಇದೆ. ಆದರೆ ಒಪ್ಪಿಗೆ ಸಿಕ್ಕಿದ್ದು ರೋಗಿಗಳ ಮೇಲೆ ಟ್ರಯಲ್ ಮಾಡಿ ತೋರಿಸಿದ್ದಕ್ಕೆ.

"ನಮ್ಮದೇ ಸೆಲ್, ಏನೂ ತೊಂದರೆ ಇಲ್ಲ" ಅನ್ನುವ ಮಾತನ್ನೂ ನಂಬಬೇಡಿ. ಫ್ಲಾರಿಡಾದಲ್ಲಿ ಮೂವರು ಹೆಂಗಸರಿಗೆ ಅವರದ್ದೇ ಕೊಬ್ಬಿನಿಂದ ತೆಗೆದ ಸೆಲ್‌ಗಳನ್ನು ಕಣ್ಣಿಗೆ ಇಂಜೆಕ್ಷನ್ ಕೊಟ್ಟಿದ್ದರು. ಮೂವರ ದೃಷ್ಟಿಯೂ ಹೋಯಿತು. 2017ರಲ್ಲಿ ಆ ವರದಿ ಪ್ರಕಟವಾಯಿತು. ಬೇರೆಯವರ ಸೆಲ್ ಆದರೆ ಇನ್ನೂ ಜಾಸ್ತಿ ಕಷ್ಟ. ಇಸ್ರೇಲಿನ ಒಬ್ಬ ಹುಡುಗನಿಗೆ ಮಾಸ್ಕೋದಲ್ಲಿ ಭ್ರೂಣದ ನರದ ಸ್ಟೆಮ್ ಸೆಲ್ ಕೊಟ್ಟ ಮೇಲೆ ಮಿದುಳಿನಲ್ಲಿ, ಬೆನ್ನುಹುರಿಯಲ್ಲಿ ಗಡ್ಡೆ ಬೆಳೆಯಿತು. ಆ ಗಡ್ಡೆ ಅವನ ಸೆಲ್‌ನದ್ದಾಗಿರಲಿಲ್ಲ, ಕೊಟ್ಟವರದ್ದಾಗಿತ್ತು. ನಿಮ್ಮ ಮಗಳಿಗೆ ಹೀಗೇ ಆಗುತ್ತದೆ ಅಂತ ಅಲ್ಲ. ಮಜ್ಜೆ ತೆಗೆಯಲು ಅರಿವಳಿಕೆ ಬೇಕು, ಬೆನ್ನಿಗೆ ಸೂಜಿ ಹಾಕಬೇಕು, ಸೋಂಕಿನ ಭಯ ಇದೆ, ಇದೆಲ್ಲ ಮೂರು ಸಲ.

ನನ್ನ ತಂಗಿಯ ಮಗುವಾಗಿದ್ದರೆ ನಾನು ಹೀಗೆ ಮಾಡುತ್ತಿದ್ದೆ. ಬಂಗಾರ ಅಡವಿಡುವುದನ್ನು ಈಗಲೇ ನಿಲ್ಲಿಸುತ್ತಿದ್ದೆ. ಕ್ಲಿನಿಕ್‌ನವರಿಗೆ ಫೋನ್ ಬೇಡ, ಬರವಣಿಗೆಯಲ್ಲೇ ಎರಡು ಕೇಳುತ್ತಿದ್ದೆ: ಔಷಧ ನಿಯಂತ್ರಕರ ಒಪ್ಪಿಗೆ ಪತ್ರ, ಮತ್ತು ಸಿಟಿಆರ್‌ಐಯಲ್ಲಿ ಟ್ರಯಲ್‌ನ ನೋಂದಣಿ ನಂಬರ್. ದೇಶದಲ್ಲಿ ನಡೆಯುವ ಕ್ಲಿನಿಕಲ್ ಟ್ರಯಲ್‌ಗಳ ಪಟ್ಟಿ ಅದು, ಯಾರು ಬೇಕಾದರೂ ನೋಡಬಹುದು. ನಂಬರ್ ಕೊಟ್ಟರೆ ಅಲ್ಲೇ ಅವರ ಕಥೆ ಕೆಡುತ್ತದೆ, ಯಾಕೆಂದರೆ ಟ್ರಯಲ್‌ಗೆ ಸೇರಿದವರಿಂದ ಚಿಕಿತ್ಸೆಗೆ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಕೊಡದಿದ್ದರೆ ಉತ್ತರ ಸಿಕ್ಕಿದ ಹಾಗೇ.

ನಿಜವಾದ ಟ್ರಯಲ್‌ಗೆ ಸೇರುವುದು ತಪ್ಪಲ್ಲ. ಆದರೆ ಅಲ್ಲಿ ನಿಮ್ಮ ಮಗಳಿಗೆ ಸೆಲ್ ಸಿಗದೆಯೂ ಇರಬಹುದು, ಸಿಕ್ಕಿದರೂ ಉಪಯೋಗ ಆಗದೆ ಇರಬಹುದು. ಅದನ್ನು ತಿಳಿದೇ ಸೇರಬೇಕು. ಅದಕ್ಕೆ ಮೊದಲು ತಿರುವನಂತಪುರದ ಶ್ರೀಚಿತ್ರಾದಲ್ಲೋ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ಮಕ್ಕಳ ನರರೋಗದ ಡಾಕ್ಟ್ರ ಒಂದು ಅಭಿಪ್ರಾಯ ತೆಗೆದುಕೊಳ್ಳಿ. ರಾತ್ರಿ ಬಸ್ಸು, ಎರಡು ದಿನದ ಕೂಲಿ ಹೋಗುತ್ತದೆ, ಗೊತ್ತು. 4.5 ಲಕ್ಷದ ಮುಂದೆ ಅದು ದೊಡ್ಡದಲ್ಲ. ಫಿಸಿಯೋಥೆರಪಿ ಮತ್ತು ಇಂಥ ಮಕ್ಕಳಿಗಾಗಿ ಪಂಚಾಯತು ನಡೆಸುವ ಬಡ್ಸ್ ಶಾಲೆ ನಡೆಯುತ್ತಿದ್ದರೆ ಕ್ಯಾಂಪಿನ ಮಾತು ಕೇಳಿ ಅದನ್ನು ಬಿಡಿಸಬೇಡಿ. ಬಿಡಿಸಿ ಬಂದವರನ್ನು ನೋಡಿದ್ದೇನೆ. ದುಡ್ಡು ಹೋದದ್ದಕ್ಕಿಂತ, ಮಗುವಿನ ಕೈಕಾಲು ಮತ್ತೆ ಬಿಗಿಯಾಯಿತಲ್ಲ ಅಂತ ಅವರು ಜಾಸ್ತಿ ಮರುಗುತ್ತಿದ್ದರು.

ಕೊಟ್ಟ 20,000ವನ್ನು ವಾಪಸ್ ಕೇಳಬಹುದು. ಪತ್ರ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಪ್ರತಿ ಇಟ್ಟುಕೊಳ್ಳಿ. ಪೇಟೆಂಟ್ ಆಗಿದೆ ಅಂತ ಹೇಳಿದ್ದು ಸುಳ್ಳು ಅಂತ ಅರ್ಜಿಯ ನಂಬರ್ ಹಾಕಿಯೇ ಬರೆಯಿರಿ. ಪೇಟೆಂಟ್ ಇಲ್ಲದ್ದನ್ನು ಇದೆ ಅಂತ ಹೇಳಿ ಮಾರುವುದು ನಮ್ಮ ಪೇಟೆಂಟ್ ಕಾಯ್ದೆಯಲ್ಲೇ ದಂಡ ಬೀಳುವ ತಪ್ಪು. ಕೊಡದಿದ್ದರೆ ಕಾಸರಗೋಡಿನಲ್ಲೇ ಜಿಲ್ಲಾ ಗ್ರಾಹಕ ಆಯೋಗ ಇದೆ. ಎರಡು ವರ್ಷದೊಳಗೆ ದೂರು ಕೊಡಬೇಕು. ಇಷ್ಟು ಸಣ್ಣ ಮೊತ್ತಕ್ಕೆ ಫೀಸು ಇಲ್ಲ, ವಕೀಲರೂ ಬೇಕೆಂದಿಲ್ಲ. ನೀವು ರಸೀದಿಯ ಫೋಟೋ ಕಳಿಸಿಲ್ಲ. ಅದರಲ್ಲಿ "ಚಿಕಿತ್ಸೆಯ ಅಡ್ವಾನ್ಸ್" ಅಂತ ಇದೆಯೋ, "ಡೊನೇಶನ್" ಅಂತ ಇದೆಯೋ ನೋಡಿ ಇವತ್ತೇ ನನಗೆ ಬರೆಯಿರಿ. ಪತ್ರದ ಒಕ್ಕಣೆ ಅದರ ಮೇಲೆ ನಿಂತಿದೆ.